ಕುಂಟುವ ಜೀಪಿನ ಹೆಜ್ಜೆ

ನನ್ನ ಉಗುರಿನ ಸಂದಿಯಲ್ಲಿ ಕಪ್ಪು ಇದೆ. ಸೋಪು, ಸೀಮೆಎಣ್ಣೆ, ಹುಣಸೆಹಣ್ಣು ಎಲ್ಲ ಹಾಕಿ ತಿಕ್ಕಿ ನೋಡಿ ಕೈಬಿಟ್ಟಿದ್ದೇನೆ. ಮದುವೆಮನೆಯಲ್ಲಿ ಎಲೆ ಮುಂದೆ ಕೂತರೆ ಪಕ್ಕದವರು ಮೊದಲು ನನ್ನ ಕೈ ನೋಡುತ್ತಾರೆ, ಆಮೇಲೆ ಮುಖ. ನೋಡಿಕೊಳ್ಳಲಿ. ಅವರು ಆ ಮದುವೆಗೆ ಬಂದ ಬೈಕಿನ ಕ್ಲಚ್ಚು ಹಿಂದಿನ ದಿನ ಇದೇ ಕೈಯಲ್ಲಿ ಸರಿಹೋಗಿರುತ್ತದೆ. ಗ್ಯಾರೇಜಿನವರೆಂದರೆ ಒಂದು ರಿಪೇರಿ ಮಾಡಿ ಇನ್ನೊಂದು ಕೆಡಿಸಿ ಕಳಿಸುವವರು ಎಂಬ ಮಾತನ್ನು ಪಂಕ್ತಿಯಲ್ಲಿ ಕೂತೇ ಕೇಳಿದ್ದೇನೆ. ಮೊದಲೆಲ್ಲ ಅಂಥ ಮಾತಿಗೆ ಜಗಳಕ್ಕೆ ಹೋಗುತ್ತಿದ್ದೆ. ಈಗಲೂ ಹೋಗುತ್ತೇನೆ.

ಕೆಲಸ ಕಲಿತದ್ದು ಕೆ.ಆರ್. ನಗರದ ಒಂದು ಗ್ಯಾರೇಜಿನಲ್ಲಿ. ಆಮೇಲೆ ಸ್ವಂತದ್ದು ಅಂತ ಹಾಕಿದ್ದು ಹುಣಸೂರಿನಿಂದ ನಾಗರಹೊಳೆ ಕಡೆಗೆ ಹೋಗುವ ದಾರಿಯಲ್ಲಿ, ವೀರನಹೊಸಹಳ್ಳಿಯಲ್ಲಿ ರಾತ್ರಿ ಹೊತ್ತು ಮುಚ್ಚುವ ಕಾಡಿನ ಗೇಟು ಇನ್ನೂ ಒಂದಿಷ್ಟು ದೂರ ಇರುವಾಗ. ಗ್ಯಾರೇಜು ಎಂದರೆ ಕಂಬ ನೆಟ್ಟು ಹೊದಿಸಿದ ತಗಡು, ಅದರ ಮುಂದೆ ಅಗಲವಾದ ಮಣ್ಣಿನ ಅಂಗಳ, ಅಷ್ಟೆ. ಹೊಗೆಸೊಪ್ಪಿನ ಕಾಲಕ್ಕೆ ಪಿರಿಯಾಪಟ್ಟಣದ ಕಡೆಯ ಟೆಂಪೊಗಳು ಬರುತ್ತಿದ್ದವು, ಶುಂಠಿ ಕಾಲಕ್ಕೆ ಎಚ್.ಡಿ. ಕೋಟೆ ಕಡೆಯ ಟಿಲ್ಲರುಗಳು. ಕಾಫಿ ಕುಯ್ಲು ಶುರುವಾಯಿತೆಂದರೆ ಕೊಡಗಿನ ತೋಟಗಳಿಗೆ ಆಳು ಕರೆದೊಯ್ಯುವ ಜೀಪುಗಳದ್ದೇ ಕಾಟ. ಗಾಡಿಗಳ ಕೆಳಗೆ ಮಲಗಿ ಮಲಗಿ ಆ ಅಂಗಳದ ಒಂದೊಂದು ಕಲ್ಲೂ ನನ್ನ ಬೆನ್ನಿಗೆ ಪರಿಚಯವಾಗಿತ್ತು.

ಆ ಅಂಗಳ ಮಾತ್ರ ನನ್ನದಲ್ಲ. ನನ್ನ ಹೆಂಡತಿಯ ಅಣ್ಣನದು. ಭಾವ ಅನುಕೂಲಸ್ಥ. ಕೆರೆ ಕೆಳಗೆ ಗದ್ದೆ, ರಸ್ತೆ ಪಕ್ಕ ಹೊಲ, ಒಂದು ಹಳೇ ಜೀಪು. ಸುತ್ತಲ ಹಳ್ಳಿಗಳ ಹೆಂಗಸರನ್ನು ಬೆಳಿಗ್ಗೆ ಜೀಪಿನಲ್ಲಿ ತುಂಬಿಕೊಂಡು ಕಾಡಿನ ದಾರಿ ದಾಟಿ ಕಾಫಿ ತೋಟಕ್ಕೆ ಬಿಡುವುದು, ಸಂಜೆ ಕರೆತರುವುದು ಅವನ ಇನ್ನೊಂದು ಕೆಲಸ. ತೋಟದವರು ಅವನನ್ನು ಮೇಸ್ತ್ರಿ ಎನ್ನುತ್ತಾರೆ. ನಾನು ಗ್ಯಾರೇಜಿಗೆ ಜಾಗ ಹುಡುಕುತ್ತಿದ್ದಾಗ, ಕೇಳುವ ಮೊದಲೇ, ಹೊಲದ ಅಂಚನ್ನು ತೋರಿಸಿ ‘ಇಲ್ಲೇ ಕಂಬ ನೆಡು ಬಾವ’ ಅಂದವನು ಅವನೇ. ಇದನ್ನು ಮರೆಯುವಷ್ಟು ಕೆಟ್ಟವನಲ್ಲ ನಾನು.

ಜೀಪು ಹತ್ತುವ ಹೆಂಗಸರೆಲ್ಲ ನಸುಕಿನಲ್ಲೇ ಬಂದು ನನ್ನ ಅಂಗಳದಲ್ಲಿ ಸೇರುತ್ತಿದ್ದರು. ಸೀರೆಯ ಮೇಲೆ ಗಂಡಂದಿರ ಹಳೇ ತುಂಬುತೋಳಿನ ಅಂಗಿ, ತಲೆಗೆ ಟವೆಲ್ಲು, ಕೈಯಲ್ಲಿ ಬುತ್ತಿಯ ಚೀಲ. ನಾನು ಎಣ್ಣೆ ಬಟ್ಟೆ, ಪುಳ್ಳೆ ಹಾಕಿ ಬೆಂಕಿ ಮಾಡಿಕೊಡುತ್ತಿದ್ದೆ. ಅವರಲ್ಲಿ ಹಿರಿಯಳನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು. ಯಾರು ಬರಬೇಕು, ಯಾರು ಎಲ್ಲಿ ಕೂರಬೇಕು ಎನ್ನುವುದು ಅವಳ ಬಾಯಲ್ಲೇ ತೀರ್ಮಾನ. ಅವಳ ರಾಗಿ ಹೊಲ ಕಾಡಿಗೆ ತಾಗಿಕೊಂಡೇ ಇದೆ. ದಿನಾ ಮನೆ ಬಿಡುವ ಮೊದಲು ಟಾರ್ಚು ಹಿಡಿದು ಹೊಲದ ಸುತ್ತ ಹೆಜ್ಜೆ ನೋಡಿ ಬರುವುದು, ಬೆಂಕಿ ಮುಂದೆ ಕೂತು ವರದಿ ಒಪ್ಪಿಸುವುದು ಅವಳ ಅಭ್ಯಾಸ.

“ಒಂಟಿಯಾನೆ ಬಂದಿತ್ತು ಕಣ್ರವ್ವ. ಪಾಪ, ಎಡಗಾಲು ಎಳೀತಾ ಅದೆ. ಎಲ್ಲೋ ಮುಳ್ಳೋ ಗುಂಡೋ ನಾಟ್ಕಂಡದೆ” ಎನ್ನುತ್ತಿದ್ದಳು.

“ಆನೆ ನಿನ್ ತಾವ ಬಂದು ಹೇಳ್ತಾ ದೊಡ್ಡವ್ವ?” ಎಂದು ಹುಡುಗಿಯರು ರೇಗಿಸುತ್ತಿದ್ದರು.

“ಮಣ್ಣು ಹೇಳ್ತದೆ. ನಿಮಗೆ ಕಣ್ಣಿಲ್ಲ ಅಷ್ಟೆಯ.”

ಇನ್ನು ನಮ್ಮ ಕಸುಬಿನ ಒಂದು ಉಪಾಯವನ್ನು ಹೇಳಬೇಕು. ನನ್ನ ಜಾಗ ಹೋದದ್ದು ಅದರಿಂದಲೇ. ಹಳೇ ಜೀಪಿನಲ್ಲಿ ಬ್ರೇಕ್ ಆಯಿಲ್ಲು ಒಂದೊಂದು ಗಾಲಿಗೂ ಸಣ್ಣ ಪೈಪಿನಲ್ಲಿ ಹೋಗುತ್ತದೆ. ಯಾವುದಾದರೂ ಗಾಲಿಯೊಳಗೆ ಸೋರಿಕೆ ಶುರುವಾದರೆ ಆಯಿಲ್ಲೆಲ್ಲ ಅಲ್ಲಿಂದಲೇ ಹರಿದುಹೋಗಿ ಗಾಡಿಗೆ ಬ್ರೇಕೇ ಇಲ್ಲದಂತಾಗುತ್ತದೆ. ಆಗ ಆ ಗಾಲಿಯ ಪೈಪನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ ಮಡಿಸಿಬಿಟ್ಟರೆ ಸೋರಿಕೆ ನಿಲ್ಲುತ್ತದೆ. ಆ ಗಾಲಿಗೆ ಬ್ರೇಕ್ ಇರುವುದಿಲ್ಲ, ಮಿಕ್ಕವಕ್ಕೆ ಇರುತ್ತದೆ. ಪೆಡಲ್ಲು ತುಳಿದರೆ ಗಟ್ಟಿಯಾಗೇ ಸಿಗುತ್ತದೆ, ಕೂತವರಿಗೆ ಏನೂ ತಿಳಿಯುವುದಿಲ್ಲ. ಕಾಡಿನ ಮಧ್ಯೆ ಕೆಟ್ಟ ಗಾಡಿಯನ್ನು ಖಾಲಿ ಮಾಡಿ ಮೆಲ್ಲಗೆ ಗ್ಯಾರೇಜಿನವರೆಗೆ ತರುವುದಕ್ಕೆ ಇರುವ ಉಪಾಯ ಇದು. ನನಗೆ ಕಲಿಸಿದ ಗುರು ಪೈಪು ಮಡಿಸಿದ ಗಾಡಿಗೆ ಜನ ಹತ್ತಿಸಿದರೆ ಸ್ಪ್ಯಾನರಿನಲ್ಲೇ ಬಾರಿಸುತ್ತಿದ್ದರು. ಆದರೆ ನಮ್ಮ ಕಡೆ ಜನಕ್ಕೆ ಇದು ಎಷ್ಟು ಹಿಡಿಸಿಬಿಟ್ಟಿದೆ ಎಂದರೆ, ಒಂದು ದಿನದ ಉಪಾಯದಲ್ಲೇ ಇಡೀ ಕುಯ್ಲಿನ ಕಾಲ ಓಡಿಸುತ್ತಾರೆ.

ಹೋದ ವರ್ಷದ ಕುಯ್ಲಿನಲ್ಲಿ ಒಂದು ಸಂಜೆ ಭಾವ ಆಳುಗಳನ್ನು ಇಳಿಸಿ ಜೀಪನ್ನು ನನ್ನ ಮುಂದೆ ತಂದು ನಿಲ್ಲಿಸಿದ.

“ಬಾವ, ಎಡಗಡೆ ಮುಂದಿನ್ ಗಾಲಿ ಒಳಗಿಂದ ಆಯಿಲ್ ಸೋರ್ತಾ ಅದೆ. ಅದೊಂದ್ ಪೈಪ್ ಮಡಚ್‌ಬುಡು. ಕುಯ್ಲು ಮುಗೀಲಿ, ಆಮೇಕೆ ನೋಡಣ” ಅಂದ.

“ನಾಳೆ ಒಂದಿನ ಗಾಡಿ ಬುಡು ಬಾವ. ಬೆಳಿಗ್ಗೆ ಹುಣಸೂರಿಗೆ ಓಗಿ ಸಾಮಾನು ತತ್ತೀನಿ. ಮಧ್ಯಾಹ್ನಕ್ಕೆ ಗಾಡಿ ನಿನ್ ಕೈಗೆ.”

“ನಾಳೆ ತೋಟದೋರು ಕಾಯ್ತಿರ್ತಾರೆ ಕಣ. ಒಂದ್ ಗಾಲಿ ತಾನೇ, ಇನ್ನ ಮೂರವಲ್ಲ?”

“ನಿನ್ ಮಂಚದ್ದು ಒಂದ್ ಕಾಲು ಮುರುದ್ರೆ ಇನ್ನ ಮೂರವೆ ಅಂತ ಅದ್ರ ಮೇಲೇ ಮಲಗ್ತೀಯಾ?”

ಅವನು ನಗಲಿಲ್ಲ. ನನ್ನ ಮಾತಿನ ವರಸೆ ಅವನಿಗೆ ಯಾವತ್ತೂ ಸೇರುತ್ತಿರಲಿಲ್ಲ. ಜೀಪು ತಿರುಗಿಸಿಕೊಂಡು ಹುಣಸೂರಿನ ಕಡೆಗೆ ಹೊರಟುಹೋದ. ಸರಿ, ಬೇರೆ ಕಡೆಯಾದರೂ ನೆಟ್ಟಗೆ ಮಾಡಿಸಲಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಮಂಜು ಕವಿದಿತ್ತು. ಹೆಂಗಸರು ಬೆಂಕಿ ಸುತ್ತ ಕೂತಿದ್ದರು. ಭಾವ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿ, ಕೀ ಅದರಲ್ಲೇ ಬಿಟ್ಟು, ರಸ್ತೆ ಆಚೆಯ ಅಂಗಡಿಗೆ ಟೀ ಕುಡಿಯಲು ಹೋದ. ಹೆಂಗಸರು ಚೀಲಗಳನ್ನು ಒಳಗೆ ಇಡತೊಡಗಿದರು. ನಾನು ಬಗ್ಗಿ ಎಡಗಡೆಯ ಮುಂದಿನ ಗಾಲಿಯ ಹಿಂದೆ ಟಾರ್ಚು ಬಿಟ್ಟು ನೋಡಿದೆ. ಯಾರೋ ಪುಣ್ಯಾತ್ಮ ಪೈಪನ್ನು ಎರಡು ಮಡಿಕೆ ಮಡಿಸಿ, ಬಿಚ್ಚಿಕೊಳ್ಳದಿರಲೆಂದು ಮೇಲೆ ತಂತಿ ಸುತ್ತಿದ್ದ. ನನಗೆ ಉರಿದುಹೋಯಿತು.

ಯಾರನ್ನೂ ಕೇಳಲಿಲ್ಲ. ಹತ್ತಿ ಕೂತು ಜೀಪನ್ನು ಅಂಗಳದ ತುದಿಗೆ ಹಿಂದಕ್ಕೆ ಒಯ್ದೆ. ಅಲ್ಲಿಂದ ಜೋರಾಗಿ ಮುಂದಕ್ಕೆ ತಂದು, ಮಧ್ಯೆ ಬಂದಾಗ ಬ್ರೇಕನ್ನು ಪೂರಾ ಅದುಮಿದೆ. ಜೀಪು ನೇರ ನಿಲ್ಲಲಿಲ್ಲ. ಸ್ಟೀರಿಂಗು ನನ್ನ ಕೈಯಿಂದ ಕಿತ್ತುಕೊಂಡು ಬಲಕ್ಕೆ ತಿರುಗಿ, ಹಳೇ ಟೈರುಗಳ ರಾಶಿಗೆ ಇನ್ನೊಂದು ಗೇಣಿರುವಾಗ ನಿಂತಿತು. ಬೆಂಕಿ ಪಕ್ಕ ಕೂತಿದ್ದವರು ಚೀರಿಕೊಂಡು ಎದ್ದು ಓಡಿದರು.

“ಏನಣ್ಣ, ನಮ್ಮನ್ನ ಸಾಯ್ಸಬೇಕು ಅಂತಿದ್ದೀಯಾ?” ಎಂದು ಒಬ್ಬಳು ಕೂಗಿದಳು.

“ನಾನಲ್ಲ ಕಣವ್ವ, ಈ ಜೀಪು. ಇದ್ರ ಒಂದ್ ಗಾಲಿಗೆ ಬ್ರೇಕಿಲ್ಲ. ಇವತ್ತು ಇದನ್ನ ಹತ್ತಬ್ಯಾಡಿ. ಮಧ್ಯಾಹ್ನಕ್ಕೆ ಸರಿ ಮಾಡ್‌ಕೊಡ್ತೀನಿ, ನಾಳೆ ಓಗಿ.”

ನನ್ನ ಕಾಲಿಗೆ ಬೀಳುತ್ತಾರೆ ಎಂದೇನೂ ಅಂದುಕೊಂಡಿರಲಿಲ್ಲ. ಆದರೂ ಆಮೇಲೆ ಕೇಳಿದ ಬೈಗುಳ ಅಷ್ಟಿಷ್ಟಲ್ಲ. ದೊಡ್ಡವ್ವನೇ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

“ನಿನ್ ಬ್ರೇಕ್ ಕಟ್ಕೊಂಡು ನಮಗೇನಾಗ್ಬೇಕಪ್ಪ? ಗೇಟ್ ತೆಗಿಯೋ ಹೊತ್ತಾಯ್ತು. ನಾಳೆ ಅಂದ್ರೆ ನಮ್ ಒಟ್ಟೆ ಕೇಳ್ತದಾ? ಸುಮ್ನೆ ದಾರಿ ಬುಡು.”

ಆ ಮಾತು ನನಗೆ ನಾಟಿತು. ಅವಳ ಒಂದು ದಿನ ಅಂದರೆ ಏನೆಂದು ನನಗೆ ಗೊತ್ತು, ನಾನೂ ಅಂಥದೇ ಮನೆಯಿಂದ ಬಂದವನು. ಆದರೆ ಸಿಟ್ಟೂ ಬಂತು. ಆಯಿಲ್ಲು, ಪೈಪು ಅಂತ ಅವಳಿಗೆ ಪಾಠ ಹೇಳುವ ತಾಳ್ಮೆ ನನಗಿರಲಿಲ್ಲ. ಅವಳ ರಟ್ಟೆ ಹಿಡಿದೇ ಜೀಪಿನ ಹಿಂದೆ ಕರೆದುಕೊಂಡು ಹೋಗಿ ನೆಲ ತೋರಿಸಿದೆ.

“ದೊಡ್ಡವ್ವ, ನೀನು ಹೆಜ್ಜೆ ನೋಡೋಳಲ್ವಾ? ಇದನ್ನೂ ನೋಡು. ನೋಡ್‌ಬುಟ್ಟು ನೀನೇ ಹೇಳು, ದಾರಿ ಬುಡ್ತೀನಿ.”

ಅವಳು ರಟ್ಟೆ ಕೊಡವಿಕೊಂಡಳು. ಆದರೂ ಕಣ್ಣು ನೆಲಕ್ಕೆ ಹೋಯಿತು. ಅಭ್ಯಾಸ ಬಿಡಬೇಕಲ್ಲ. ಬಗ್ಗಿದಳು. ಟಾರ್ಚನ್ನು ನೆಲಕ್ಕೆ ಹತ್ತಿರ ಅಡ್ಡಡ್ಡ ಹಿಡಿದಳು, ಹೊಲದಲ್ಲಿ ಹಿಡಿಯುವಂತೆ. ಬ್ರೇಕ್ ಹಿಡಿದ ಗಾಲಿಗಳು ಧೂಳನ್ನು ಕೆರೆದು ಗೆರೆ ಎಳೆದಿದ್ದವು, ಕೆಳಗಿನ ಕೆಂಪು ಮಣ್ಣು ಕಾಣುತ್ತಿತ್ತು. ಎಡಗಡೆಯ ಮುಂದಿನ ಗಾಲಿ ಹೋದ ಕಡೆ ಕೆರೆದ ಗುರುತೇ ಇರಲಿಲ್ಲ. ಟೈರಿನ ಮೈಮೇಲಿನ ಕೆತ್ತನೆಯ ಹೂವು ಒಂದೊಂದಾಗಿ ಅಚ್ಚೊತ್ತಿಕೊಂಡು ಉರುಳಿಹೋಗಿತ್ತು. ದೊಡ್ಡವ್ವ ಜೀಪನ್ನು ಒಂದು ಸುತ್ತು ಬಂದಳು. ಕೆರೆದ ಗೆರೆಯನ್ನು ಬೆರಳಿನಲ್ಲಿ ಮುಟ್ಟಿದಳು, ಹೂವಿನ ಅಚ್ಚನ್ನೂ ಮುಟ್ಟಿದಳು.

“ಇದು ಕುಂಟ್ತಾ ಅದೆ” ಅಂದಳು. “ಎಡಗಡೆ ಮುಂದಿನ್ ಕಾಲು ಊರ್ತಾನೇ ಇಲ್ಲ ಇದು.”

ಆಮೇಲೆ ಎದ್ದುನಿಂತು, ಜೀಪಿನ ಮೂತಿ ಯಾವ ಕಡೆ ತಿರುಗಿದೆ ಎಂದು ನೋಡಿದಳು. ಗೇಟಿನ ಆಚೆ ಇಳಿಜಾರು ತಿರುವುಗಳಿವೆ, ಬೆಳಗಿನ ಬಸ್ಸು ಅದೇ ಹೊತ್ತಿಗೆ ಎದುರಿಗೆ ಬರುತ್ತದೆ.

“ಬಸ್ ಬಂದಾಗ ಬ್ರೇಕ್ ಒತ್ತಿದ್ರೆ?” ಎಂದು ಕೇಳಿದಳು.

“ಬಸ್ಸಿನ ಕಡೀಕೇ ತಿರುಗ್ತದೆ.”

ಅವಳು ಜೀಪಿನೊಳಗೆ ಕೈ ಹಾಕಿ ತನ್ನ ಬುತ್ತಿಯ ಚೀಲವನ್ನು ಎಳೆದುಕೊಂಡಳು.

ಅಷ್ಟರಲ್ಲಿ ಭಾವ ಟೀ ಲೋಟ ಹಿಡಿದೇ ಓಡಿ ಬಂದ. ಅವನಿಗೆ ಕೋಪ ಬಂದರೆ ಬಾಯಿಂದ ‘ಬಾವ’ ಮಾಯವಾಗಿಬಿಡುತ್ತದೆ. “ಏನ್ಲಾ, ನನ್ ಜಾಗದಾಗೆ ಕುಂತ್ಕಂಡು ನನ್ ಅನ್ನಕ್ಕೇ ಮಣ್ಣು ಹಾಕ್ತೀಯಾ? ನೀನೊಬ್ನೇ ಏನ್ಲಾ ಮೆಕ್ಯಾನಿಕ್ಕು?” ಅಂದ. ನಾನೂ ಸುಮ್ಮನಿರಲಿಲ್ಲ. “ಪೈಪು ಮಡ್ಚಿ ಹೆಂಗಸ್ರನ್ನ ತುಂಬೋನು ಮೇಸ್ತ್ರಿ ಅಲ್ಲ, ಕಸಾಯಿ” ಅಂದುಬಿಟ್ಟೆ. ಅದಾದ ಮೇಲೆ ಇನ್ನು ರಾಜಿ ಎಲ್ಲಿಂದ ಬಂತು? ದೊಡ್ಡವ್ವನ ಹಿಂದೆ ಅರ್ಧ ಜನ ನಿಂತರು. ಮಿಕ್ಕವರು ನನ್ನ ಮುಖ ನೋಡದೆ ಜೀಪು ಹತ್ತಿದರು. ಅವರನ್ನು ತಪ್ಪು ಅನ್ನಲಾರೆ. ಜೀಪು ಮಂಜಿನೊಳಗೆ ಹೋಯಿತು.

ಅವತ್ತು ಏನೂ ಆಗಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಸಂಜೆ ಜೀಪು ಹೋದ ಹಾಗೇ ವಾಪಸು ಬಂತು. ಹೋದವರಿಗೆ ಕೂಲಿ ಸಿಕ್ಕಿತ್ತು, ಉಳಿದವರಿಗೆ ಇರಲಿಲ್ಲ. ಉಳಿದವರಲ್ಲಿ ಒಂದಿಬ್ಬರು ನನ್ನನ್ನು ಕೆಕ್ಕರಿಸಿ ನೋಡಿ ಹೋದರು. ಭಾವ ಅಂಗಳದಲ್ಲಿ ಜೀಪು ನಿಲ್ಲಿಸಿ, “ನೋಡ್ದಾ? ಯಾರ್ ಸತ್ರು?” ಎಂದು ಕೇಳಿದ. ಆಮೇಲೆ ತಣ್ಣಗೆ, “ಜಾಗ ಖಾಲಿ ಮಾಡು” ಅಂದ.

ಮನೆಗೆ ಹೋದರೆ ಸುದ್ದಿ ನನಗಿಂತ ಮುಂಚೆ ತಲುಪಿತ್ತು. ಹೆಂಡತಿ ಬೇಯಿಸಿದ ಮುದ್ದೆಯನ್ನು ತಟ್ಟೆಗೆ ಕುಕ್ಕಿ, “ಊರೋರ್ ಮುಂದೆ ನಮ್ಮಣ್ಣನ್ನ ಕಸಾಯಿ ಅನ್ಬೇಕಿತ್ತಾ?” ಅಂದಳು.

“ಆ ಜೀಪಿನಾಗೆ ನೀನು ಕೂಲಿಗೆ ಓಗ್ತಿದ್ರೆ, ಇನ್ನೇನ್ ಅನ್ಬೇಕಿತ್ತು?” ಅಂದೆ.

ಅವಳು ಸಾರು ಬಡಿಸಿ ಒಳಗೆ ಹೋದಳು. ಮರುದಿನ ನಾನು ತಗಡು ಇಳಿಸುತ್ತಿರುವಾಗ ಮಾತ್ರ ಹೇಳದೆ ಕೇಳದೆ ಬಂದು, ಬೆಂಚಿಗೆ ಕೂರಿಸಿದ್ದ, ಸಾಮಾನು ಕಚ್ಚಿ ಹಿಡಿಯುವ ಕಬ್ಬಿಣದ ವೈಸನ್ನು ಬಿಚ್ಚಿದ ಮೇಲೆ ಅದರ ಒಂದು ಕಡೆಗೆ ಕೈ ಕೊಟ್ಟಳು. ತನ್ನ ಅಣ್ಣ ಹೊಲದ ಬದುವಿನ ಮೇಲೆ ನಿಂತು ನೋಡುತ್ತಿದ್ದಾನೆಂದು ಗೊತ್ತಿದ್ದೂ ಅದನ್ನು ಹೊತ್ತು ರಸ್ತೆ ದಾಟಿದಳು.

ಹೋದದ್ದು ದೂರಕ್ಕೇನಲ್ಲ. ರಸ್ತೆಯ ಆಚೆ ಬದಿಗೆ, ಮೋರಿ ಪಕ್ಕದ ಹೊಂಗೆಮರದ ಕೆಳಗೆ. ರಸ್ತೆ ಬದಿಯ ಸರ್ಕಾರಿ ಜಾಗ, ತಗಡು ನಿಲ್ಲಿಸಲು ಅಲ್ಲಿ ಕಂಬ ನೆಡುವ ಹಾಗಿರಲಿಲ್ಲ, ಟಾರ್ಪಾಲು ಕಟ್ಟಿದೆ. ಎದುರುಗಡೆ ನನ್ನ ಹಳೇ ಅಂಗಳ ಖಾಲಿ ಬಿದ್ದಿರುವುದು ದಿನಾ ಕಣ್ಣಿಗೆ ಹೊಡೆಯುತ್ತಿತ್ತು. ಭಾವ ಮಾತಾಡಿದ್ದನೋ ಇಲ್ಲವೋ, ಜೀಪಿನವರು ಯಾರೂ ನನ್ನ ಕಡೆ ಬರಲಿಲ್ಲ. ಬೈಕಿನ ಪಂಕ್ಚರು, ಯಾರದೋ ಔಷಧಿ ಹೊಡೆಯುವ ಮಷೀನು, ಅಂತರಸಂತೆಗೆ ಹೊರಟು ದಾರಿಯಲ್ಲಿ ಕೆಟ್ಟ ಒಂದು ಗೂಡ್ಸ್ ಆಟೊ, ಇಂಥವುಗಳಲ್ಲೇ ದಿನ ತಳ್ಳಿದೆ. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸುಮ್ಮನೆ ಕೂತ ಮಧ್ಯಾಹ್ನಗಳಲ್ಲಿ, ಒಂದು ಪೈಪು ಮಡಿಸಿಕೊಟ್ಟಿದ್ದರೆ ತಂಪಾಗಿ ನನ್ನ ತಗಡಿನ ಕೆಳಗೇ ಇರುತ್ತಿದ್ದೆನಲ್ಲ ಎಂದು ಮನಸ್ಸು ಅಂದಿದೆ. ಅನ್ನಲಿ ಬಿಡಿ. ಮನಸ್ಸು ಅಂದದ್ದನ್ನೆಲ್ಲ ಮಾಡಲು ನನ್ನ ಕೈ ಅದರ ಆಳಲ್ಲ.

ಆದರೆ ಎದುರಿನ ಹಳೇ ಅಂಗಳದಲ್ಲಿ ಬೆಳಿಗ್ಗೆ ಹೊತ್ತು ಬೇರೆಯದೇ ನಡೆಯುತ್ತಿತ್ತು. ದೊಡ್ಡವ್ವ ಮತ್ತವಳ ಕಡೆಯವರು ಕುಂಟುವ ಜೀಪು ಹತ್ತುವುದಿಲ್ಲ ಎಂದು ಕೂತುಬಿಟ್ಟಿದ್ದರು. ಅರ್ಧ ಆಳು ಕರೆದುಕೊಂಡು ಹೋದರೆ ತೋಟದವರು ಭಾವನನ್ನು ಬಿಡುತ್ತಾರಾ? ವಿಧಿಯಿಲ್ಲದೆ ಹುಣಸೂರಿನಲ್ಲಿ ಹೊಸ ಸಾಮಾನು ಹಾಕಿಸಿಕೊಂಡು ಬಂದ. ಅಲ್ಲಿಗೆ ಮುಗಿಯಿತು ಎಂದು ಅವನು ತಿಳಿದಿದ್ದ. ಮುಗಿಯಲಿಲ್ಲ. ದಿನಾ ಬೆಳಿಗ್ಗೆ ಜೀಪು ಅಂಗಳದಲ್ಲಿ ಒಂದು ಸಲ ಓಡಿ ಬ್ರೇಕ್ ಹೊಡೆಯಬೇಕು, ದೊಡ್ಡವ್ವ ಟಾರ್ಚು ಹಿಡಿದು ಸುತ್ತು ಬರಬೇಕು, ಅವಳು ‘ಊರ್ತದೆ, ಹತ್ತಿ’ ಅಂದ ಮೇಲೇ ಹೆಂಗಸರು ಹತ್ತುವುದು. ಇದನ್ನು ನೋಡಿ ಬೇರೆ ಜೀಪಿನ ಹೆಂಗಸರೂ ತಮ್ಮ ಡ್ರೈವರುಗಳನ್ನು ಹಿಡಿದುಕೊಂಡರು. “ಹೆಂಗಸ್ರು ಬಂದು ಬ್ರೇಕ್ ಪಾಸ್ ಮಾಡೋ ಕಾಲ ಬಂತಲ್ಲ” ಎಂದು ಟೀ ಅಂಗಡಿಯಲ್ಲಿ ಡ್ರೈವರುಗಳು ನನಗೆ ಕೇಳಿಸುವಂತೆ ಬೈಯುತ್ತಿದ್ದರು. ಕೇಳಿಸಿಕೊಂಡು ಇನ್ನೊಂದು ಟೀ ತರಿಸುತ್ತಿದ್ದೆ.

ಭಾವನಿಗೆ ಈ ದಿನದಿನದ ತಪಾಸಣೆಯಿಂದ ಮೈ ಪರಚಿಕೊಳ್ಳುವಂತಾಗಿತ್ತು. ಒಂದು ದಿನ ಸಂಜೆ ಟ್ರ್ಯಾಕ್ಟರಿನಲ್ಲಿ ಜಲ್ಲಿ ತರಿಸಿ ಅಂಗಳದ ತುಂಬ ಸುರಿಸಿ ಹರಡಿಸಿದ. ಮಳೆಗಾಲಕ್ಕೆ ಕೆಸರಾಗುತ್ತದೆ ಎಂದು ಕೇಳಿದವರಿಗೆಲ್ಲ ಹೇಳಿದನಂತೆ. ಬೇಸಿಗೆಯೇ ಇನ್ನೂ ಶುರುವಾಗಿರಲಿಲ್ಲ! ಜಲ್ಲಿಯ ಮೇಲೆ ಯಾವ ಗಾಲಿ ಕೆರೆದರೂ ಗೆರೆ ಮೂಡುವುದಿಲ್ಲ ಎನ್ನುವುದು ಅವನ ಲೆಕ್ಕಾಚಾರ. ಅವನ ತಲೆ ಓಡುವುದನ್ನು ನಾನು ಒಪ್ಪಿಕೊಳ್ಳಲೇಬೇಕು.

ಮಾರನೆಯ ಬೆಳಿಗ್ಗೆ ಹೆಂಗಸರು ಜಲ್ಲಿಯ ಮೇಲೆ ನಿಂತು ಪೆಚ್ಚಾಗಿ ಒಬ್ಬರ ಮುಖ ಒಬ್ಬರು ನೋಡಿದರು. ನಾನು ಆಚೆಯಿಂದ ನೋಡುತ್ತಿದ್ದೆ. ದೊಡ್ಡವ್ವ ಬಗ್ಗಿ ಒಂದು ಕಲ್ಲು ತೆಗೆದುಕೊಂಡು, ತಿರುಗಿಸಿ ನೋಡಿ, ಎಸೆದಳು. ಚೀಲ ಎತ್ತಿಕೊಂಡು ರಸ್ತೆ ದಾಟಿ ನನ್ನ ಹೊಂಗೆಮರದ ಕೆಳಗೆ ಬಂದು ಕೂತಳು. ಉಳಿದವರೂ ಹಿಂದೆಯೇ ಬಂದರು.

“ಬೆಂಕಿ ಮಾಡಪ್ಪ, ಚಳಿ” ಎಂದು ನನಗೆ ಹೇಳಿ, ಆಚೆಗೆ ತಿರುಗಿ ಭಾವನಿಗೆ ಕೇಳಿಸುವಂತೆ ಕೂಗಿದಳು, “ಗಾಡೀನ ಈ ಕಡೀಕ್ ತಾ ಮೇಸ್ತ್ರಿ. ಈ ಸೀಮೆನಾಗೆ ಧೂಳಿಗೇನು ಬರವಾ?”

ಅವತ್ತಿನಿಂದ ಜೀಪುಗಳು ನನ್ನ ಮುಂದಿನ ಧೂಳಿನಲ್ಲೇ ಬ್ರೇಕ್ ಹೊಡೆಯತೊಡಗಿದವು. ಮಳೆಗಾಲದಲ್ಲಿ ಹಸಿಮಣ್ಣಿನಲ್ಲಿ ಗುರುತು ಇನ್ನೂ ಚೆನ್ನಾಗಿ ಮೂಡುತ್ತಿತ್ತು. ಕುಂಟುವ ಗಾಡಿ ಸಿಕ್ಕರೆ ಅದಕ್ಕೆ ಹತ್ತಿರದ ಗ್ಯಾರೇಜು ಯಾವುದು? ಗೊಣಗಿಕೊಂಡೇ ಒಬ್ಬೊಬ್ಬರಾಗಿ ನನ್ನ ಹತ್ತಿರ ಬಿಡಲು ಶುರುಮಾಡಿದರು. ಭಾವ ಮಾತ್ರ ಬರಲಿಲ್ಲ. ಬ್ರೇಕ್ ಹೊಡೆಯುವಾಗಲೂ ನನ್ನ ಕಡೆ ನೋಡುತ್ತಿರಲಿಲ್ಲ. ಹೆಂಡತಿ ಹಬ್ಬಕ್ಕೆ ತವರಿಗೆ ಒಬ್ಬಳೇ ಹೋಗಿ ಬಂದಳು.

ಈ ಸಲದ ಕುಯ್ಲಿನಲ್ಲಿ ಒಂದು ಬೆಳಿಗ್ಗೆ ಅವನ ಜೀಪು ಎಂದಿನಂತೆ ಬಂದು ಬ್ರೇಕ್ ಹೊಡೆದು ನಿಂತಿತು. ದೊಡ್ಡವ್ವ ಸುತ್ತು ಬಂದವಳು ಹಿಂದಿನ ಬಲಗಡೆಯ ಗಾಲಿಯ ಹತ್ತಿರ ನಿಂತುಬಿಟ್ಟಳು. ಮೊದಲಾದರೆ ಭಾವ ಸ್ಟೀರಿಂಗ್ ಮುಂದೆ ಕೂತೇ ಹಾರನ್ನು ಬಾರಿಸುತ್ತಿದ್ದ. ಅವತ್ತು ಇಳಿದು ಬಂದ. ಬಂದವನು ಪಂಚೆ ಮೇಲೆತ್ತಿಕೊಂಡು ಅವಳ ಪಕ್ಕ ಕುಕ್ಕುರುಗಾಲಲ್ಲಿ ಕೂತು ಧೂಳು ನೋಡಿದ. ಅವಳು ತೋರಿಸುವ ಮೊದಲೇ ಅವನ ಬೆರಳು ಹೂವಿನ ಅಚ್ಚಿನ ಮೇಲೆ ಹೋಗಿ ನಿಂತಿತು. ದಿನಾ ನೋಡಿ ನೋಡಿ ಅವನಿಗೂ ಓದಲು ಬಂದುಬಿಟ್ಟಿತ್ತು.

“ಇಲ್ಲಿ ಕುಂಟ್ತಾ ಅದೆ ದೊಡ್ಡವ್ವ” ಅಂದ.

“ಊಂ ಕಣಪ್ಪ” ಅಂದಳು.

ಪೈಪು ಯಾರೂ ಮಡಿಸಿರಲಿಲ್ಲ. ಗಾಲಿಯೊಳಗೆ ಏನೋ ಸಿಕ್ಕಿಕೊಂಡು ಬ್ರೇಕ್ ಹಿಡಿಯುತ್ತಿರಲಿಲ್ಲ ಅಷ್ಟೆ. ಭಾವ ಎದ್ದು, ನನ್ನ ಮುಖ ನೋಡದೆ ಕೀಯನ್ನು ನನ್ನ ಕಡೆ ಚಾಚಿದ. “ಎಷ್ಟೊತ್ತಾಯ್ತದೆ?” ಎಂದು ಕೇಳಿದ.

“ಮಧ್ಯಾಹ್ನ ಆಯ್ತದೆ.”

ನಾನು ಹೆಂಗಸರ ಕಡೆ ನೋಡಿದೆ, ಬೈಗುಳಕ್ಕೆ ತಯಾರಾಗಿಯೇ. ದೊಡ್ಡವ್ವ ಟವೆಲ್ಲು ಹಾಸಿಕೊಂಡು ಬುತ್ತಿ ಬಿಚ್ಚುತ್ತಿದ್ದಳು. “ಕೂಲಿ ನಾಳೀಕೂ ಅದೆ. ನೀನ್ ಮಾಡು” ಅಂದಳು.

ನಾನು ಗಾಡಿಯ ಕೆಳಗೆ ತೂರಿಕೊಂಡೆ. ಭಾವ ಅಲ್ಲೇ ಕಲ್ಲಿನ ಮೇಲೆ ಕೂತ. ನನಗೆ ಅವನ ಚಪ್ಪಲಿ ಮಾತ್ರ ಕಾಣುತ್ತಿತ್ತು. ಒಂದು ಚಪ್ಪಲಿ ಸುಮ್ಮನೆ ಮಣ್ಣು ಕೆದಕುತ್ತಿತ್ತು. ಕೊನೆಗೆ ಅದು ನಿಂತಿತು.

“ಎಷ್ಟ್ ದಿನ ಅಂತ ಮೋರಿ ಪಕ್ಕ ಮಲಗಿ ಕೆಲಸ ಮಾಡ್ತೀಯ ಬಾವ? ಜಾಗ ಅಂಗೇ ಬಿದ್ದದೆ. ಬಂದ್‌ಬುಡು.”

‘ಬಾವ’ ಎಂಬ ಆ ಮಾತು ಕೇಳಿ ಎದೆ ತುಂಬಿ ಬಂದದ್ದು ನಿಜ. ಕೆಳಗೆ ಮಲಗಿದ್ದೆನಾದ್ದರಿಂದ ನನ್ನ ಮುಖ ಅವನಿಗೆ ಕಾಣುತ್ತಿರಲಿಲ್ಲ, ಒಳ್ಳೆಯದೇ ಆಯಿತು. ನಟ್ಟನ್ನು ಪೂರಾ ಬಿಗಿ ಮಾಡಿ, ಈಚೆ ಬಂದು, ಕೈ ಒರೆಸಿಕೊಂಡೆ.

“ಬರಲ್ಲ ಬಾವ” ಅಂದೆ. “ಅಲ್ಲಿ ನೀನು ಜಲ್ಲಿ ಸುರಿದಿದ್ದೀಯ. ಹೆಜ್ಜೆ ಮೂಡಲ್ಲ.”